ಕೆರೆಬಾಯಿಯ ಜೊಂಡು

ಮಾರೇಕುಂಟೆ, ಕಾಡುಗೋಡಿ ಅಂಚೆ
೧೩ ಜೂನ್ ೨೦೧೦

ಪೀಣ್ಯ ಎರಡನೇ ಹಂತದ ನಟ್ಟು ಬೋಲ್ಟು ಕಾರ್ಖಾನೆಯ ಮಹಾದ್ವಾರವನ್ನು ನೀಲಿ ಸಮವಸ್ತ್ರದಲ್ಲಿ ಕಾಯುತ್ತಿರುವ ಶ್ರೀಮಾನ್ ಲಕ್ಷ್ಮಣಪ್ಪನವರ ಸನ್ನಿಧಾನಕ್ಕೆ, ಅವರ ಒಬ್ಬಳೇ ಮಗಳು, ಬಿ.ಎಸ್ಸಿ. ಎರಡನೇ ವರ್ಷದ ವೇಣಿ, ಚಾಪೆಯ ಮೇಲೆ ಕೂತು ಬಿನ್ನವಿಸಿಕೊಳ್ಳುವುದೇನೆಂದರೆ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕೆರೆ ಚೆನ್ನಾಗಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ತಾವು ಆಡುವುದು ಎರಡೇ ಮಾತು. ಒಂದು 'ಹೂಂ', ಇನ್ನೊಂದು 'ಸರಿ, ಇಡ್ಲಾ'. ಕೆರೆಯ ಸುದ್ದಿ ತೆಗೆದ ಕೂಡಲೇ ಎರಡನೆಯದು ಬರುತ್ತದೆ. ಕಾಗದವನ್ನು ಹಾಗೆ ನಡುವೆ ಇಡಲಾಗುವುದಿಲ್ಲ, ಆದ್ದರಿಂದ ಈ ಮಾರ್ಗ ಹಿಡಿದಿದ್ದೇನೆ.

ಪ್ರಕರಣದ ಹಿನ್ನೆಲೆ ತಮಗೆ ಮರೆತಿರಲಾರದು. ಆದರೂ ಬಿನ್ನಹ ಎಂದ ಮೇಲೆ ಹಿನ್ನೆಲೆ ಬರೆಯುವುದು ಪದ್ಧತಿ. ಮೂರು ತಲೆಮಾರಿನಿಂದ ಈ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚಿದ ನೀರುಗಂಟಿಯ ಮನೆ ನಮ್ಮದು. ಗದ್ದೆಗಳು ಹೋಗಿ ಬೋರ್‌ವೆಲ್ಲಿನ ತೋಟಗಳಾದವು. ಆದರೂ ಏರಿ, ತೂಬು, ಹಳ್ಳ ಬಂದು ಸೇರುವ ಕೆರೆಬಾಯಿ ಮತ್ತು ಅಲ್ಲಿ ಒತ್ತಾಗಿ ಬೆಳೆದ ಜೊಂಡು ನಿನ್ನ ಸುಪರ್ದಿನಲ್ಲೇ ಇದ್ದವು. ಕಳೆದ ಮಾರ್ಚಿನಲ್ಲಿ ಕೆರೆ ಕಮಿಟಿಯ ದಾಸಪ್ಪ ಊರ ಕಟ್ಟೆಯ ಮೇಲೆ ಕೂತು ಜೊಂಡು ತೆಗೆಸಬೇಕೆಂದ. ನೀನು ಕಟ್ಟೆಯ ಕೆಳಗೆ ನಿಂತು, "ಅದೊಂದು ಬ್ಯಾಡಿ ದಾಸಪ್ಪಣ್ಣ, ತೋಟದಿಂದ ಬರೋ ವಿಷನೆಲ್ಲ ಅದೇ ತಡೀತಿರೋದು" ಅಂದೆ. "ಆ ಕಡೆ ನಾಳೆ ಬರೋ ಅಪಾರ್ಟ್‌ಮೆಂಟ್ನೋರು ಕಿಟಕಿ ತೆಗುದ್ರೆ ಕೆರೆ ಕನ್ನಡಿ ಇದ್ದಂಗಿರ್ಬೇಕು ಕಣಯ್ಯ. ನಿನ್ ಹುಲ್ಲು ಯಾರು ನೋಡ್ತಾರೆ?" ಅಂದ ದಾಸಪ್ಪ. ಎಲ್ಲರೂ ನಕ್ಕರು. ಎರಡು ದಿನ ಜೆಸಿಬಿ ಕೆಲಸ ಮಾಡಿತು. ಮೂರನೆಯ ದಿನ ನೀನು, "ಆ ಜೊಂಡು ಮತ್ತೆ ಎದೆಮಟ್ಟ ನಿಲ್ಲೋಗಂಟ ಈ ಊರಿಗೆ ಕಾಲಿಡಲ್ಲ" ಅಂತ ಅಮ್ಮನಿಗೆ ಹೇಳಿ, ಬ್ಯಾಗು ಹಿಡಿದು ಬಸ್ಸು ಹತ್ತಿದೆ.

ಈಗಿನ ಸ್ಥಿತಿ. ಜೂನ್ ಮೂರಕ್ಕೆ ಮಳೆ ಬಂತು. ಯಂಕಪ್ಪನ ಕೋಸಿನ ತೋಟ, ಅದರಾಚೆಯ ಸೊಪ್ಪಿನ ಮಡಿಗಳು, ಅಮ್ಮ ಕೆಲಸಕ್ಕೆ ಹೋಗುವ ಗುಲಾಬಿ ಬೆಳೆಯುವ ಶೆಡ್ಡು ಎಲ್ಲವನ್ನೂ ತೊಳೆದುಕೊಂಡು ಹಳ್ಳದ ನೀರು ಅಡ್ಡಿಯಿಲ್ಲದೆ ಕೆರೆಗೆ ನುಗ್ಗಿತು. ವಾರದೊಳಗೆ ಕೆರೆ ಹಸಿರಾಯಿತು, ಗೋಡೆಗೆ ಬಳಿಯುವ ಹಸಿರು. ಹತ್ತನೆಯ ದಿನಕ್ಕೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಹಸುಗಳು ನೀರಿಗೆ ಮೂತಿ ತಂದು, ಮೂಸಿ, ನಮ್ಮ ಕಡೆ ತಿರುಗಿ ನೋಡುತ್ತವೆ. ಆ ನೋಟಕ್ಕೆ ಉತ್ತರ ಕೊಡಲು ಕೆರೆ ಕಮಿಟಿಯವರು ಯಾರೂ ಏರಿಯ ಕಡೆ ಬರುತ್ತಿಲ್ಲ.

ನಾನು ಜೊಂಡು ನೆಡಬೇಕೆಂದಿದ್ದೇನೆ. ಹೇಗೆಂದು ಗೊತ್ತಿಲ್ಲ. ಪುಸ್ತಕದಲ್ಲಿ ಅದರ ಹೂವಿನ ಚಿತ್ರವಿದೆ, ನೆಡುವ ವಿಧಾನವಿಲ್ಲ. ಹಾಗೆಯೇ ಆಣೆಯಲ್ಲಿರುವ 'ಎದೆಮಟ್ಟ' ಯಾರ ಎದೆಯದೆಂದು ತಾವು ಸ್ಪಷ್ಟಪಡಿಸಿಲ್ಲ. ನನ್ನದಾದರೆ ಒಂದಡಿ ಕಡಿಮೆ ಬೆಳೆದರೂ ನಡೆಯುತ್ತದೆ.

ಅಪ್ಪಣೆಗೆ ಕಾದಿರುವ,
ವೇಣಿ


ಪೀಣ್ಯ
೨೪ ಜೂನ್ ೨೦೧೦

ಚಿ. ವೇಣಿಗೆ ಅಪ್ಪನ ಆಶೀರ್ವಾದ.

ಕಾಗದ ಬಂತು. ಲಕೋಟೆಯ ಮೇಲಿದ್ದ ಬಿರುದುಗಳನ್ನು ಸೂಪರ್‌ವೈಸರ್ ಗೇಟಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ಯಾವ ಸಂಸ್ಥಾನದವರು ಅಂತ ಕೇಳಿದರು. ಇನ್ನು ಮೇಲೆ ಹೆಸರು, ವಿಳಾಸ ಮಾತ್ರ ಬರಿ.

ಜೆಸಿಬಿ ಮೇಲಿಂದ ಎಳೆದಿದೆ. ಗೆಡ್ಡೆ ಎಲ್ಲಾ ಹೋಗಿರುವುದಿಲ್ಲ. ಯಂಕಪ್ಪನ ತೋಟದ ಮೋರಿ ಕೆಳಗೆ ಹೊಂಗೆ ಮರ ಇದೆ, ಅದರ ಬುಡದ ಕೆಸರಲ್ಲಿ ನೋಡು. ಹೆಬ್ಬೆರಳು ದಪ್ಪದ ಗೆಡ್ಡೆ ಆಗಬೇಕು, ಮೊಳಕೆ ಇರಬೇಕು. ಮೊಣಕಾಲು ಮುಳುಗುವ ನೀರಿಗಿಂತ ಆಳಕ್ಕೆ ಇಳಿಸಬೇಡ. ಎರಡು ಅಡಿಗೆ ಒಂದು.

ಸಾಲು ಹಳ್ಳಕ್ಕೆ ಅಡ್ಡ ಇರಲಿ. ಉದ್ದಕ್ಕೆ ಹಾಕಿದರೆ ನೀರು ಸಾಲಿನ ನಡುವೆ ದಾರಿ ಮಾಡಿಕೊಂಡು ಓಡುತ್ತದೆ. ಅಡ್ಡ ಹಾಕಿದರೆ ಸುತ್ತಿ ಬಳಸಿ ನಿಧಾನ ಬರುತ್ತದೆ. ನಿಧಾನ ಬಂದರೆ ಮಣ್ಣು ಕೆಳಗೆ ಕೂರುತ್ತದೆ. ಅರ್ಧ ಗೊಬ್ಬರ ಮಣ್ಣಿಗೆ ಅಂಟಿಕೊಂಡೇ ಬರುವುದು, ಅದೂ ಕೂರುತ್ತದೆ. ಉಳಿದದ್ದನ್ನು ಬೇರು ಕುಡಿಯುತ್ತದೆ. ಇದು ನಮ್ಮಪ್ಪ ಹೇಳಿದ್ದು. ಅವರು ಸ್ಕೂಲಿಗೆ ಹೋಗಿರಲಿಲ್ಲ.

ಅಂಚಿಗೆ ಬಜೆ ಗಿಡ ಸಿಕ್ಕಿದರೆ ಹಾಕು. ದನ ಬಿಡಬೇಡ. ಇದನ್ನೆಲ್ಲ ನಾನು ಬರೆದೆ ಅಂತ ಊರಲ್ಲಿ ಹೇಳಬೇಡ.

ಎದೆ ನನ್ನದು.

ನಿನ್ನ ಅಪ್ಪ
ಲಕ್ಷ್ಮಣಪ್ಪ


ಮಾರೇಕುಂಟೆ
೧೫ ಆಗಸ್ಟ್ ೨೦೧೦

ಅಪ್ಪನಿಗೆ ವೇಣಿಯ ನಮಸ್ಕಾರ.

ಬಿರುದುಗಳನ್ನು ಕೈಬಿಟ್ಟಿದ್ದೇನೆ. ಲಕೋಟೆ ಬೋಳುಬೋಳಾಗಿ ಕಂಡರೆ ನನ್ನನ್ನು ದೂರಬೇಡ.

ನೂರ ಎಂಬತ್ತು ಗೆಡ್ಡೆ ನೆಟ್ಟಿದ್ದೇವೆ. 'ನೆಟ್ಟಿದ್ದೇವೆ' ಎಂದರೆ ನಾನು ಮತ್ತು ಹನುಮವ್ವ. ಹನುಮವ್ವ ಯಾರೆಂದು ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಕೊಪ್ಪಳದ ಕಡೆಯಿಂದ ಹದಿನೈದು ಸಂಸಾರ ಬಂದು ಕೆರೆಯಾಚೆ ತಗಡಿನ ಶೆಡ್ಡು ಹಾಕಿಕೊಂಡಿವೆ. ಅವರಲ್ಲಿ ಈಕೆಯೇ ಹಿರಿಯಳು. ಮಗ ಬಸಲಿಂಗ ಸೆಂಟ್ರಿಂಗ್ ಕೆಲಸದವನು. ನಾನು ಕೆಸರಿನಲ್ಲಿ ಸೊಂಟ ಹಿಡಿದು ನಿಂತದ್ದನ್ನು ಕಂಡು, "ಏನ್ ಹುಡಿಕ್ಯಾಕ ಹತ್ತೀಯವ್ವಾ, ಬಂಗಾರ ಬಿದ್ದೈತೇನು?" ಅಂತ ಕೇಳಿದಳು. ಜೊಂಡಿನ ಗೆಡ್ಡೆ ಅಂದೆ. "ಹುಲ್ಲು ಹಚ್ಚಾಕ ಇಷ್ಟು ಓದಬೇಕೇನು?" ಅಂದು, ಸೀರೆ ಎತ್ತಿ ಕಟ್ಟಿ ಇಳಿದಳು. ನಾನು ಹತ್ತು ನೆಡುವಷ್ಟರಲ್ಲಿ ಅವಳದು ಮೂವತ್ತು.

ನೆಟ್ಟ ಮೇಲೆ ಕಾಯುವುದು ಹೇಗೆ ಎನ್ನುವುದು ನಿನಗಿಂತ ನನಗೇ ಚೆನ್ನಾಗಿ ಗೊತ್ತು. ಈ ಊರಿನವರು ದೇವರಿಗೆ ಹೆದರುತ್ತಾರೆ, ಬೋರ್ಡಿಗೆ ಅದಕ್ಕಿಂತ ಹೆಚ್ಚು ಹೆದರುತ್ತಾರೆ. ಹಳೇ ತಗಡಿಗೆ ಹಳದಿ ಬಣ್ಣ ಬಳಿದು ಕಪ್ಪಕ್ಷರದಲ್ಲಿ ಹೀಗೆ ಬರೆದು ಕೆರೆಬಾಯಿಯಲ್ಲಿ ನಿಲ್ಲಿಸಿದೆ:

'ಜೊಂಡು ಸಂರಕ್ಷಣಾ ವಲಯ. ಈ ವಲಯದೊಳಗೆ ದನ, ಜನ ಹಾಗೂ ಜೆಸಿಬಿ ಪ್ರವೇಶಿಸತಕ್ಕದ್ದಲ್ಲ. ಒಂದು ಎಲೆಯನ್ನಾದರೂ ಕೀಳತಕ್ಕದ್ದಲ್ಲ. ಆದೇಶದ ಮೇರೆಗೆ.'

ಯಾರ ಆದೇಶವೆಂದು ಬರೆದಿಲ್ಲ, ಆದ್ದರಿಂದ ಸುಳ್ಳೂ ಬರೆದಿಲ್ಲ. ಮಾರನೆಯ ದಿನ ದಾಸಪ್ಪ ಬಂದ. ಎರಡು ಸಲ ಓದಿದ. ಚಪ್ಪಲಿ ಕಾಲು ಅಂಚಿನಿಂದ ಹಿಂದಕ್ಕೆ ತೆಗೆದ.

"ಯಾವಾಗ ಬಂದ್ರಮ್ಮಣ್ಣಿ ಇವ್ರು?"

"ನೆನ್ನೆ, ದೊಡ್ಡಪ್ಪ."

"ಜೀಪಲ್ಲಿ ಬಂದ್ರಾ?"

"ನಡ್ಕೊಂಡೇ ಬಂದ್ರು."

"ನಡ್ಕೊಂಡ್ ಬಂದ್ರು ಅಂದ್ರೆ ದೊಡ್ಡ್ ಆಫೀಸರೇ ಇರ್ಬೇಕು. ನನ್ನ ಕೇಳಿದ್ರಾ?"

"ನಿಮ್ಮ ಎಸ್ರು ಬರ್ಕೊಂಡ್ರು."

ಆವತ್ತಿನಿಂದ ದಾಸಪ್ಪನೇ ಏರಿಯ ಮೇಲೆ ನಿಂತು ದನಗಳನ್ನು ಆಚೆ ಅಟ್ಟುತ್ತಿದ್ದಾನೆ. ಯಾರೋ ಕುರಿಯವನಿಗೆ, "ಏಯ್, ವಲಯ ಕಾಣಲ್ವೇನೋ" ಅಂತ ಗದರಿದ್ದನ್ನು ನಾನೇ ಕೇಳಿದೆ. ಅಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು.

ಅಪ್ಪ, ಇಷ್ಟು ಹೊತ್ತು ತಮಾಷೆ ಬರೆದೆ. ಬರೆಯಬೇಕಾದದ್ದು ಬೇರೆ ಇದೆ.

ಜೊಂಡು ತೆಗೆಸಲು ದಾಸಪ್ಪ ಆಫೀಸಿಗೆ ಕೊಟ್ಟನಲ್ಲ, ಆ ಅರ್ಜಿ ಬರೆದವಳು ನಾನು. 'ನಿನ್ ಕನ್ನಡ ಕೋರ್ಟಿನ ಕನ್ನಡ ಇದ್ದಂಗಿರ್ತದೆ, ಒಂದ್ ಬರ್ಕೊಡಮ್ಮಣ್ಣಿ' ಅಂದ. ಒಳ್ಳೇ ಮಜಾ ಸಿಕ್ಕಿತೆಂದು ಕೂತು ಬರೆದೆ. 'ಸದರಿ ಜೊಂಡು ಸೊಳ್ಳೆಗಳ ರಾಜಧಾನಿಯಾಗಿ ಪರಿಣಮಿಸಿದ್ದು, ಸದರಿ ರಾಜಧಾನಿಯನ್ನು ನೆಲಸಮಗೊಳಿಸತಕ್ಕದ್ದು' ಎನ್ನುವ ಸಾಲನ್ನು ಬರೆದು ನಾನೇ ಮೂರು ಸಲ ಓದಿಕೊಂಡೆ. ಅದನ್ನು ಕಟ್ಟೆಯ ಮೇಲೆ ಓದಿದಾಗ ಊರೆಲ್ಲ ನಕ್ಕಿತು. ನೀನು ಕೆಳಗೆ ನಿಂತಿದ್ದೆ. ನಾನು ಹೆಂಗಸರ ಗುಂಪಿನ ಹಿಂದೆ ನಿಂತು ನಕ್ಕೆ. ನೀನು ತಿರುಗಿ ನೋಡಿದ ಮೇಲೆ ನಗು ನಿಂತಿತು.

ಇನ್ನೇನೂ ಬರೆಯಲು ತೋಚುತ್ತಿಲ್ಲ.

ವೇಣಿ


ಮಾರೇಕುಂಟೆ
೯ ಜನವರಿ ೨೦೧೧

ಅಪ್ಪನಿಗೆ,

ಐದು ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ಅಮ್ಮನ ಫೋನಿನಲ್ಲಿ ನನ್ನ ಪಾಲಿಗೆ ಬರುತ್ತಿದ್ದ 'ಹೂಂ' ಕೂಡ ನಿಂತಿದೆ. ನನಗೆ ಅರ್ಥವಾಗುತ್ತದೆ.

ಆದರೂ ವರದಿ ಸಲ್ಲಿಸುವುದು ನನ್ನ ಕರ್ತವ್ಯ. ಜೊಂಡು ನಿಂತಿದೆ. ಕೋಲಿಗೆ ನಿನ್ನ ಹಳೇ ಅಂಗಿ ತೊಡಿಸಿ, ಅಮ್ಮನಿಂದ ನಿನ್ನ ಎತ್ತರಕ್ಕೆ ಸರಿ ಮಾಡಿಸಿ, ಕೆಸರಿನಲ್ಲಿ ನಿಲ್ಲಿಸಿ ಅಳೆದೆವು. ಎದೆಯ ಜೇಬು ದಾಟಿ ಕಾಲರಿಗೆ ಬಂದಿದೆ. ಕಂದು ಬಣ್ಣದ ಕಡ್ಡಿಹೂ ಬಿಟ್ಟಿದೆ. ನೀರುಕೋಳಿ ಮರಿ ಮಾಡಿದೆ. ಒಂದು ಎಲೆಯನ್ನೂ ಯಾರೂ ಮುಟ್ಟಿಲ್ಲ. ಹನುಮವ್ವ ಬಂದು, "ತಗಡಿನ ಮನ್ಯಾಗ ಬ್ಯಾಸಗಿಗೆ ಕುದ್ದು ಹೋಗ್ತೀವವ್ವಾ, ನಾಕು ಹೊರಿ ಕೊಡು, ಮ್ಯಾಲ ಹೊದಿಸ್ತೀವಿ" ಅಂತ ಕೇಳಿದಳು. ಅವಳೇ ನೆಟ್ಟ ಜೊಂಡು. ಆದರೂ ಬೋರ್ಡು ತೋರಿಸಿ ಇಲ್ಲವೆಂದೆ. ಅವಳಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳಿದೆ. "ಆತು ಬಿಡು, ಸರಕಾರದ್ದು" ಅಂದು ಹೋದಳು. ನಿನ್ನ ಆಣೆಯ ಜೊಂಡು ಅಪ್ಪ, ಯಾರಿಗೂ ಕೊಡಲಾರೆ.

ಷರತ್ತು ಪೂರೈಸಿದೆ. ಬರುತ್ತೀಯಾ?

ವೇಣಿ


ಮಾರೇಕುಂಟೆ
೬ ಮಾರ್ಚ್ ೨೦೧೧

ಅಪ್ಪ,

ಕೆರೆಬಾಯಿ ಕಪ್ಪಗಾಗಿದೆ. ಜನವರಿಯ ಚಳಿ ಕಳೆದ ಮೇಲೆ ಜೊಂಡು ಒಣಗಿತು, ನೀರಿಗೆ ಮಲಗಿತು, ಕೊಳೆಯಿತು. ಮೊಟ್ಟೆ ಕೊಳೆತ ವಾಸನೆ ಶೆಡ್ಡುಗಳವರೆಗೆ ಹೋಗುತ್ತದೆ. ಸೊಳ್ಳೆಯೂ ಬಂದಿದೆ. ದಾಸಪ್ಪ ನಿನ್ನೆ ಕಟ್ಟೆಯ ಮೇಲೆ, 'ಆ ಆಫೀಸರ್ನ ಕೇಳಿ ಇನ್ನೊಂದ್ ದಪ ಜೆಸಿಬಿ ಬಿಡಿಸ್ಬೇಕು' ಎನ್ನುತ್ತಿದ್ದನಂತೆ. ನನ್ನ ಹತ್ತಿರ ಅರ್ಜಿ ಬರೆಸಲು ಬಂದರೆ ಏನು ಹೇಳಲಿ?

ನಾನು ಎಲ್ಲವನ್ನೂ ನೀನು ಹೇಳಿದ ಹಾಗೇ ಮಾಡಿದೆ. ಎಲ್ಲಿ ತಪ್ಪಿದೆ? ನನ್ನ ಮೇಲಿನ ಸಿಟ್ಟನ್ನು ಇಟ್ಟುಕೋ. ಇದಕ್ಕೊಂದು ಉತ್ತರ ಬರಿ.

ವೇಣಿ


ಪೀಣ್ಯ
೧೪ ಮಾರ್ಚ್ ೨೦೧೧

ಚಿ. ವೇಣಿಗೆ ಆಶೀರ್ವಾದ.

ಮೊದಲು ಜೊಂಡಿನ ವಿಷಯ. ನೆಡುವುದು ಬರೆದೆ, ಕುಯ್ಯುವುದು ಬರೆಯಲಿಲ್ಲ. ತಪ್ಪು ನನ್ನದು. ನಿನಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಹೇಗೆ ಗೊತ್ತಿರುತ್ತದೆ? ನೀನು ಹುಟ್ಟುವ ಹೊತ್ತಿಗೆ ಕುಯ್ಯುವುದು ನಿಂತುಹೋಗಿತ್ತು.

ಜೊಂಡು ತೋಟದ ಗೊಬ್ಬರ ಕುಡಿದು ಬೆಳೆಯುತ್ತದೆ. ಅದು ಹಸಿರಿರುವಾಗಲೇ ಕುಯ್ದು ಕೆರೆಯಿಂದ ದೂರ ಹೊತ್ತು ಹಾಕಿಬಿಡಬೇಕು. ಅಲ್ಲೇ ಬಿಟ್ಟರೆ ಒಣಗಿ ನೀರಿಗೆ ಬಿದ್ದು, ಕುಡಿದದ್ದನ್ನೆಲ್ಲ ಕೆರೆಗೇ ವಾಪಸು ಕಕ್ಕುತ್ತದೆ. ಒಂದೇ ಸಲ ಎಲ್ಲಾ ಕುಯ್ಯಬಾರದು. ಒಂದು ಸಾಲು ಕುಯ್ದು ಒಂದು ಸಾಲು ಬಿಡಬೇಕು. ಬಿಟ್ಟ ಸಾಲು ಕೆಲಸ ಮಾಡುತ್ತಿರುತ್ತದೆ, ಹಕ್ಕಿಗೂ ಜಾಗ ಇರುತ್ತದೆ. ಕುಯ್ದದ್ದು ಎರಡು ತಿಂಗಳಿಗೆ ಚಿಗುರಿದ ಮೇಲೆ ಇನ್ನೊಂದು ಸಾಲು. ಬುಡ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕುಯ್ಯಬೇಕು. ನೀರೊಳಗೆ ಕುಯ್ದರೆ ಗೆಡ್ಡೆಗೆ ಉಸಿರು ಕಟ್ಟುತ್ತದೆ.

ನಮ್ಮಪ್ಪನ ಕಾಲದಲ್ಲಿ ಗಂಗಮ್ಮನ ಪೂಜೆಗೆ ಏರಿ ಮೇಲೆ ಜೊಂಡಿನ ಚಪ್ಪರ ಹಾಕಬೇಕಿತ್ತು. ಮನೆಗೆ ಎರಡು ಹೊರೆ ಅಂತ ಊರೆಲ್ಲ ಕುಯ್ದು ತರುತ್ತಿತ್ತು. ಗಂಗಮ್ಮನಿಗೆ ಜೊಂಡೇ ಇಷ್ಟ ಅಂತ ಅಪ್ಪ ಹೇಳುತ್ತಿದ್ದರು. ಒಂದು ಸಲ ನನ್ನ ಹತ್ತಿರ ಮಾತ್ರ ಹೇಳಿದರು, ಗಂಗಮ್ಮನಿಗೆ ಯಾವುದಾದರೂ ಸರಿ ಕಣಪ್ಪ, ಜನ ಕುಯ್ಯಬೇಕು ಅಷ್ಟೇ ಅಂತ. ಆಮೇಲೆ ದಾಸಪ್ಪನವರು ಶಾಮಿಯಾನ ತರಿಸಿದರು. ಊರಿಗೆ ಹೆಮ್ಮೆ ಆಯಿತು. ಯಾರೂ ಕುಯ್ಯಲಿಲ್ಲ. ನಾನೊಬ್ಬನೇ ಎಷ್ಟು ಕುಯ್ಯಲಿ? ಕೊಳೆತು ಸೊಳ್ಳೆ ಬಂತು. ಆದ್ದರಿಂದ ನಿನ್ನ ಅರ್ಜಿಯಲ್ಲಿ ಸೊಳ್ಳೆ ಅಂತ ಬರೆದದ್ದು ಸುಳ್ಳಲ್ಲ.

ಬಿದ್ದಿರುವುದನ್ನೆಲ್ಲ ಈಗ ಎಳೆದು ಹಾಕು. ಗೆಡ್ಡೆ ಸತ್ತಿರುವುದಿಲ್ಲ. ಆ ಕೊಪ್ಪಳದವರು ಕೇಳಿದರೆ ಕೊಡು.

ಈಗ ಅರ್ಜಿ ವಿಷಯ. ಅದು ನಿನ್ನದು ಅಂತ ಕಟ್ಟೆ ಮೇಲೆ ಓದಿದಾಗಲೇ ಗೊತ್ತಾಯಿತು. ಸೊಳ್ಳೆಗಳ ರಾಜಧಾನಿ ಅಂತ ಬರೆಯುವವರು ದಾಸಪ್ಪನ ವಂಶದಲ್ಲಿ ಯಾರಿದ್ದಾರೆ? ಕೇಳಿ ನನಗೂ ನಗು ಬಂತು, ಅದನ್ನು ತೋರಿಸಲಿಲ್ಲ. ನನ್ನ ಮಗಳು ಆಫೀಸಿನವರ ಥರ ಬರೆಯುತ್ತಾಳೆ ಅಂತ ಒಳಗೆ ಸಂತೋಷವೂ ಆಯಿತು. ಅದೇ ಹೊತ್ತಿಗೆ ಸಿಟ್ಟೂ ಬಂತು. ಮನೆಗೆ ಬಂದು ಬೈದರೆ ನೀನು ಬರೆಯುವುದು ಬಿಡುತ್ತಿದ್ದೆ. ಬೈಯದೆ ನಿನ್ನ ಮುಂದೆ ಓಡಾಡಲು ನನಗೆ ಆಗುತ್ತಿರಲಿಲ್ಲ. ಪೀಣ್ಯದಲ್ಲಿ ಕೆಲಸ ಖಾಲಿ ಇತ್ತು, ಬಂದೆ.

ಆಗಸ್ಟ್ ಕಾಗದಕ್ಕೆ ಉತ್ತರ ನಾಲ್ಕು ಸಲ ಬರೆದೆ. ಹರಿದೆ. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ.

ಎದೆಮಟ್ಟ ಅಂದದ್ದು ಸಿಟ್ಟಿನಲ್ಲಿ. ಎತ್ತರ ಬೆಳೆಯುವುದು ದೊಡ್ಡದಲ್ಲ. ತೋಟದ ನೀರು ಒಂದು ಮಳೆಗಾಲ ಅದರೊಳಗೆ ಹಾದು ಬರಲಿ, ಕೆರೆ ತಿಳಿಯಾಗಿ ನಿಲ್ಲಲಿ. ಆಮೇಲೆ ಬರುವ ಮಾತು.

ನಿನ್ನ ಅಪ್ಪ
ಲಕ್ಷ್ಮಣಪ್ಪ


ಮಾರೇಕುಂಟೆ
೨೪ ಜುಲೈ ೨೦೧೧

ತೀರ್ಥರೂಪರಾದ ಅಪ್ಪನವರಿಗೆ ಜೊಂಡು ಸಂರಕ್ಷಣಾ ವಲಯದ ಮುಖ್ಯ ಕಾರ್ಯಾಲಯದಿಂದ (ಅಂದರೆ ನಮ್ಮ ಮನೆಯ ಜಗಲಿಯಿಂದ) ವರದಿ.

ನಿನ್ನ ಕಾಗದ ಬಂದ ದಿನ ಓದಿ, ಮಡಚಿ, ಮತ್ತೆ ಓದಿ, ಅಮ್ಮನಿಗೆ ಕೊಟ್ಟೆ.

ಮಾರನೆಯ ದಿನ ತಿದ್ದುಪಡಿ ಆದೇಶ ಹೊರಡಿಸಿದೆ. 'ಒಂದು ಎಲೆಯನ್ನಾದರೂ ಕೀಳತಕ್ಕದ್ದಲ್ಲ' ಎಂಬುದರ ಮೇಲೆ ಬಣ್ಣ ಬಳಿದು, 'ಸಾಲು ಬಿಟ್ಟು ಸಾಲು ಕಡ್ಡಾಯವಾಗಿ ಕುಯ್ಯತಕ್ಕದ್ದು. ಕುಯ್ದದ್ದನ್ನು ಏರಿಯ ಈಚೆ ತರತಕ್ಕದ್ದು' ಎಂದು ಬರೆದೆ. ದಾಸಪ್ಪ ಓದಿ, "ಇದೇನ್ ಗೌರ್ಮೆಂಟಮ್ಮ, ಓದ್ ವರ್ಷ ಬ್ಯಾಡ ಅಂದ್ರು, ಈ ವರ್ಷ ಕುಯ್ಯಿ ಅಂತಾರೆ" ಅಂದ. "ಗೌರ್ಮೆಂಟ್ ಅಲ್ಲ ದೊಡ್ಡಪ್ಪ. ಎರಡು ಸಲವೂ ಬರ್ದಿದ್ದು ನಾನೇ" ಅಂದೆ. ದಾಸಪ್ಪ ನನ್ನನ್ನು ನೋಡಿದ, ಬೋರ್ಡು ನೋಡಿದ, ಏಳು ತಿಂಗಳು ದನ ಅಟ್ಟಿದ ತನ್ನ ಕೈ ಕೋಲನ್ನೂ ನೋಡಿಕೊಂಡ. ಹದಿನೈದು ದಿನ ಮಾತು ಬಿಟ್ಟ. ಬೋರ್ಡು ಕೀಳಲಿಲ್ಲ.

ಹನುಮವ್ವನ ಮನೆಗೆ ಹೋಗಿ ತಪ್ಪಾಯಿತೆಂದೆ. ಅವಳು ಅದಕ್ಕೆ ಉತ್ತರ ಕೊಡದೆ, "ಕುಡುಗೋಲು ಎಲ್ಲೈತಿ?" ಅಂದಳು. ಶೆಡ್ಡಿನ ಹೆಂಗಸರೆಲ್ಲ ಬಂದರು. ಕೊಳೆತದ್ದನ್ನು ಎಳೆದು ತಿಪ್ಪೆಗೆ ಹಾಕಿದೆವು. ಮೇ ಹೊತ್ತಿಗೆ ಹೊಸದು ಚಿಗುರಿ ಬಂತು, ಸಾಲು ಬಿಟ್ಟು ಸಾಲು ಕುಯ್ದೆವು. ಈಗ ಹದಿನೈದು ತಗಡಿನ ಮನೆಗೂ ಜೊಂಡಿನ ಹೊದಿಕೆ ಇದೆ. ಹನುಮವ್ವ ಚಾಪೆಯನ್ನೂ ಹೆಣೆಯುತ್ತಾಳೆ. ಈ ಕಾಗದವನ್ನು ಬರೆಯುತ್ತಿರುವುದು ಅಂಥ ಒಂದರ ಮೇಲೆ ಕೂತು. ಯಂಕಪ್ಪನ ಕೋಸಿಗೆ ಹಾಕಿದ ಯೂರಿಯಾದ ಮೇಲೆ ಕೂತಿದ್ದೇನೆ ಎಂದೂ ಹೇಳಬಹುದು.

ಈಗ ಮುಖ್ಯ ವಿಷಯ. ಜುಲೈ ಮೊದಲ ವಾರ ಮೂರು ದಿನ ಜೋರು ಮಳೆ. ನಮ್ಮ ಕಾಲೇಜಿನ ಶೈಲಶ್ರೀ ಮೇಡಂ ನೀರು ಪರೀಕ್ಷೆಯ ಪೆಟ್ಟಿಗೆ ಹಿಡಿದು ತಾವೇ ಬಂದರು. ಜೊಂಡಿನ ಮೇಲುಗಡೆ ಹಳ್ಳದಿಂದ ಒಂದು ಸೀಸೆ, ಕೆಳಗಡೆ ಕೆರೆಗೆ ಬೀಳುವ ಜಾಗದಿಂದ ಒಂದು ಸೀಸೆ. ದಾಸಪ್ಪ, ಯಂಕಪ್ಪ, ಏರಿಯ ಮೇಲೆ ಅರ್ಧ ಊರು. ಔಷಧಿ ಹಾಕಿ ಅಲುಗಿಸಿದರು. ಮೇಲಿನ ಸೀಸೆ ಬೀಟ್ರೂಟ್ ರಸದ ಬಣ್ಣಕ್ಕೆ ತಿರುಗಿತು. ಕೆಳಗಿನದು ತೆಳು ಗುಲಾಬಿಯಲ್ಲೇ ನಿಂತಿತು. ಮೇಡಂ ಬಣ್ಣದ ಪಟ್ಟಿಗೆ ಹಿಡಿದು, ಮೇಲೆ ಅರವತ್ತು, ಕೆಳಗೆ ಹದಿನಾಲ್ಕು ಅಂದರು. ಲೀಟರಿಗೆ ಇಷ್ಟು ಮಿಲಿಗ್ರಾಂ ನೈಟ್ರೇಟ್ ಎನ್ನುವ ಲೆಕ್ಕ ಅದು. ಕುಡಿಯುವ ನೀರಿನಲ್ಲಿ ನಲವತ್ತೈದು ದಾಟಬಾರದು.

ಉಳಿದದ್ದು ಎಲ್ಲಿ ಹೋಯಿತು ಅಂತ ಯಂಕಪ್ಪ ಕೇಳಿದ. ಒಂದಷ್ಟನ್ನು ಜೊಂಡು ಕುಡಿಯುತ್ತದೆ ಎಂದರು ಮೇಡಂ. ಬೇರಿನ ಸುತ್ತ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ, ಅವು ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವಂತೆ. ಜೊಂಡು ಎಲೆಯಿಂದ ಗಾಳಿಯನ್ನು ಬೇರಿಗಿಳಿಸಿ ಆ ಕೆಸರನ್ನು ಬದುಕಿಸಿಡುತ್ತದಂತೆ.

"ಅಂಗಂದ್ರೆ ನಾನು ಕೋಸಿಗೆ ಆಕಿದ್ದ ಯೂರಿಯಾನ ಇದು ತಿಂತೈತಾ?" ಅಂದ ಯಂಕಪ್ಪ.

"ಹೂಂ ಮಾವ. ನಿನ್ ಕೋಸಿಗಿಂತ ಚೆನ್ನಾಗಿ ತಿಂತೈತೆ" ಅಂದೆ.

"ಅಂಗಾದ್ರೆ ಜೊಂಡಲ್ಲಿ ನಂದೂ ಪಾಲೈತೆ."

"ಅಷ್ಟು ಯೂರಿಯಾ ಹಾಕೋದು ಬಿಟ್ರೆ ನಿಮ್ಮ ಪಾಲು ನಿಮ್ಮ ತೋಟದಲ್ಲೇ ಉಳಿಯುತ್ತೆ" ಅಂದರು ಮೇಡಂ. ನೀವು ಹೊಡೆಯುವ ಔಷಧಿಯೆಲ್ಲ ಇಲ್ಲಿ ನಿಲ್ಲುವುದಿಲ್ಲ, ಹುಲ್ಲಿಗೂ ಒಂದು ಮಿತಿ ಇದೆ ಅಂತಲೂ ಹೇಳಿದರು. ಯಂಕಪ್ಪ ತಲೆ ಕೆರೆದುಕೊಂಡು ಹೋದ. ಈ ಸಲ ಗೊಬ್ಬರವನ್ನು ಮಳೆಗೆ ಮೊದಲು ಎರಚದೆ ಮಳೆ ನಿಂತ ಮೇಲೆ ಬುಡಕ್ಕೆ ಹಾಕಿದ್ದಾನೆಂದು ಕೇಳಿದೆ.

ಮೇಡಂ ಕೂರಲೆಂದು ಊರಿನವರು ಏರಿಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ಒಂದರಲ್ಲಿ ಮೇಡಂ ಕೂತರು. ಇನ್ನೊಂದು ದಾಸಪ್ಪನದು. ದಾಸಪ್ಪ ಅದನ್ನು ನನ್ನ ಕಡೆ ತಳ್ಳಿ, "ಕೂತ್ಕಳಮ್ಮಣ್ಣಿ" ಅಂದ. ಕೂತೆ ಅಪ್ಪ. ನೀನು ಇಷ್ಟು ವರ್ಷ ಕಟ್ಟೆಯ ಕೆಳಗೆ ನಿಂತದ್ದನ್ನೆಲ್ಲ ನೆನೆದು, ಅರ್ಧ ಗಂಟೆ ಏಳಲೇ ಇಲ್ಲ. ಆಮೇಲೆ ದಾಸಪ್ಪ ಹತ್ತಿರ ಬಂದು, "ನಿಮ್ಮಪ್ಪ ಯೋಳಿದ್ದೇ ಸರಿ ಇತ್ತು" ಅಂದ.

"ಅದನ್ನ ಬರ್ದು ಕೊಡಿ ದೊಡ್ಡಪ್ಪ."

"ನೀನೇ ಬರಿ, ಸೈನ್ ಆಕ್ತೀನಿ."

"ಇಲ್ಲ. ಈ ಸಲ ನೀವೇ ಬರೀಬೇಕು."

ಬರೆದ. ಅರ್ಧ ಹಾಳೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಇದರ ಜೊತೆ ಇಟ್ಟಿದ್ದೇನೆ. 'ಲಕ್ಷ್ಮಣಪ್ಪ ಹೇಳಿದಂಗೆ ಜೊಂಡು ಇರಬೇಕಾಗಿತ್ತು. ನಾವು ತಪ್ಪು ಮಾಡಿದ್ವಿ. ಊರಿಗೆ ಬರಬೇಕು.' ಕೆಳಗೆ ಸಹಿ. ಒಂದಕ್ಷರವನ್ನೂ ನಾನು ತಿದ್ದಿಲ್ಲ.

ಕೆರೆ ತಿಳಿಯಾಗಿದೆ. ತೂಬಿನ ಮೆಟ್ಟಿಲು ನೀರೊಳಗೆ ಮೂರನೆಯದರವರೆಗೆ ಕಾಣುತ್ತದೆ. ಹಸುಗಳು ಕುಡಿಯುತ್ತಿವೆ. ನೀರುಗಂಟಿ ಬಂದು ನೋಡಬೇಕು.

ವೇಣಿ


ಪೀಣ್ಯ
೮ ಆಗಸ್ಟ್ ೨೦೧೧

ಚಿ. ವೇಣಿಗೆ ಆಶೀರ್ವಾದ.

ನಿನ್ನೆ ಹಗಲು ಬಿಡುವಿತ್ತು. ಊರಿಗೆ ಬಂದಿದ್ದೆ. ನಿನಗೂ ಅಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಊಟಕ್ಕೆ ಕೂರಿಸುತ್ತಿದ್ದಳು, ಆಮೇಲೆ ಎದ್ದು ಬರಲು ನನ್ನಿಂದ ಆಗುತ್ತಿರಲಿಲ್ಲ. ಇಲ್ಲಿ ರಾತ್ರಿ ಪಾಳಿಗೆ ಬದಲಿ ಆಳಿರಲಿಲ್ಲ.

ಬೆಳಿಗ್ಗೆ ಕಾಡುಗೋಡಿಯಲ್ಲಿ ಇಳಿದು, ಊರೊಳಗೆ ಬರದೆ ತೋಟಗಳ ಬದುವಿನಲ್ಲಿ ನಡೆದು ಮೇಲಿನಿಂದ ಕೆರೆಬಾಯಿಗೆ ಬಂದೆ. ಹಳ್ಳದ ನೀರು ಕೆಂಪಗೆ ಬರುತ್ತಿತ್ತು. ಜೊಂಡಿನ ಆ ಕಡೆಗೆ ತಿಳಿಯಾಗಿ ಇಳಿಯುತ್ತಿತ್ತು. ನಮ್ಮಪ್ಪ ಇದ್ದಾಗ ಹಾಗಿತ್ತು. ನನ್ನ ಕಾಲದಲ್ಲಿ ಅಷ್ಟು ತಿಳಿ ಇರಲಿಲ್ಲ. ಸಾಲುಗಳು ಹಳ್ಳಕ್ಕೆ ಸರಿಯಾಗಿ ಅಡ್ಡ ಇವೆ. ನಾಲ್ಕನೇ ಸಾಲು ಮಾತ್ರ ಬಲಗಡೆ ಸ್ವಲ್ಪ ವಾರೆ ಹೋಗಿದೆ. ಅದನ್ನು ಸರಿಮಾಡೋಣ ಅಂತ ಪ್ಯಾಂಟು ಮಡಚಿ ಒಳಗೆ ಇಳಿದೆ.

ಅಷ್ಟರಲ್ಲಿ ಆಚೆ ದಡದಿಂದ ಒಬ್ಬ ಹೆಂಗಸು ಕುಡುಗೋಲು ಹಿಡಿದು ಬಂದಳು. ನೀನು ಬರೆದ ಹನುಮವ್ವ ಇರಬೇಕು.

"ಏ ಯಣ್ಣಾ, ಯಾರು ನೀನು? ಒಳಗ ಯಾಕ ಇಳ್ದಿ? ಹೊರಗ ಬಾ" ಅಂದಳು.

ಒಂದು ಸಾಲು ವಾರೆ ಇದೆ, ನೋಡುತ್ತಿದ್ದೇನೆ ಅಂದೆ.

"ವಾರಿ ಇರ್ಲಿ ಸೊಟ್ಟ ಇರ್ಲಿ, ನೀರಗಂಟಿನ್ನ ಕೇಳದ ಯಾರೂ ಮುಟ್ಟಂಗಿಲ್ಲ ಇಲ್ಲಿ."

ಯಾರಮ್ಮ ಇಲ್ಲಿ ನೀರುಗಂಟಿ ಅಂತ ಕೇಳಿದೆ.

"ವೇಣಿ ಅಂತ ಅದಾಳ. ಸಣ್ಣ ಹುಡುಗಿ ಅನಕೋಬ್ಯಾಡ, ಭಾಳ ಖಡಕ್. ಈ ನೀರು ಇಷ್ಟು ಚಲೋ ಆಗಿದ್ದು ಆಕಿ ಕೈಲೆ. ಸಂಜಿಕ ಬಾ, ಆಕಿ ಇರ್ತಾಳ, ಕೇಳಿ ಮುಟ್ಟು."

ನಾನು ಯಾರು ಅಂತ ಹೇಳಲಿಲ್ಲ. ಸರಿ ತಾಯಿ ಅಂತ ಹೇಳಿ ಹೊರಗೆ ಬಂದೆ. ಈ ಕೆರೆಯಿಂದ ನನ್ನನ್ನು ಹೊರಗೆ ಬಾ ಅಂದವರು ಇದುವರೆಗೆ ಯಾರೂ ಇರಲಿಲ್ಲ. ಬೇರೆ ದಿನ ಆಗಿದ್ದರೆ ಕೋಪ ಬರುತ್ತಿತ್ತು. ತೂಬಿನ ಹತ್ತಿರ ಹೋಗಿ ಮುಖ ತೊಳೆದೆ, ಬೊಗಸೆಯಲ್ಲಿ ಕುಡಿದೆ. ಬಹಳ ಹೊತ್ತು ಅಲ್ಲೇ ಕೂತಿದ್ದೆ. ಬಸ್ಸಿನಲ್ಲಿ ಪಕ್ಕದವರು ಯಾಕೆ ಸಾರ್ ಒಬ್ಬರೇ ನಗ್ತಿದ್ದೀರಿ ಅಂತ ಕೇಳಿದರು.

ದಾಸಪ್ಪನ ಚೀಟಿ ಓದಿದೆ. ಅದನ್ನು ಇಟ್ಟುಕೊಂಡಿದ್ದೇನೆ. ಆದರೆ ಅವರು ಕರೆದರು ಅಂತ ನಾನು ಬರುತ್ತಿಲ್ಲ, ಅದನ್ನು ಅವರಿಗೂ ಹೇಳು.

ನೀರುಗಂಟಿ ಬಂದು ನೋಡಬೇಕು ಅಂತ ನೀನು ಬರೆದಿದ್ದೀಯ. ಆ ಕೆಲಸ ಈಗ ಖಾಲಿ ಇಲ್ಲ. ಒಂದು ಕೆರೆಗೆ ಇಬ್ಬರು ಇರುವ ಪದ್ಧತಿಯೂ ನಮ್ಮಲ್ಲಿ ಇಲ್ಲ. ಇಲ್ಲಿ ಸೂಪರ್‌ವೈಸರಿಗೆ ಹೇಳಿದ್ದೇನೆ, ತಿಂಗಳ ಕೊನೆಗೆ ಬಿಡುತ್ತಾರೆ. ಯಾಕೆ ಹೋಗ್ತೀರಿ, ಊರಲ್ಲಿ ಏನು ಕೆಲಸ ಅಂತ ಕೇಳಿದರು. ನನಗೇನೂ ಕೆಲಸ ಇಲ್ಲ, ಮಗಳ ಕೈ ಕೆಳಗೆ ಇರುತ್ತೇನೆ ಅಂದೆ.

ಆ ನಾಲ್ಕನೇ ಸಾಲು ಸರಿಮಾಡಲು ಅಪ್ಪಣೆ ಬೇಕು.

ಇಂತಿ,
ಮಾರೇಕುಂಟೆ ನೀರುಗಂಟಿಯವರ ಅಪ್ಪ
ಲಕ್ಷ್ಮಣಪ್ಪ